ಏಳನೇ ಊರು

ಶನಿವಾರ ಬೆಳಿಗ್ಗೆ ಹತ್ತೂವರೆಗೆ ನೀಲಗಂಗಾ ಪ್ರಧಾನಿಯಾದಳು. ಡಬ್ಬಿಯಿಂದ ಎತ್ತಿದ ಚೀಟಿಯಲ್ಲಿ ಹಾಗೆಂದು ಬರೆದಿತ್ತು. ಮೇಜಿನ ಸುತ್ತ ಕೂತಿದ್ದ ನಾಲ್ವರು ಚಪ್ಪಾಳೆ ತಟ್ಟಿದರು. ಅವಳಿಗೆ ನಗು ಬಂತು. ಕಲ್ಯಾಣ ಸ್ಟೇಷನ್ನಿನ ಮೈಕಿನ ಮುಂದೆ ಕೂತು ಇಪ್ಪತ್ತೊಂಬತ್ತು ವರ್ಷ ಗಾಡಿಗಳ ಹೆಸರು, ಪ್ಲಾಟ್‌ಫಾರ್ಮ್ ನಂಬರು ಹೇಳಿ ನಿವೃತ್ತಳಾದ ಹೆಂಗಸು ಅವಳು. ಅಡುಗೆಮನೆಯ ಆಚೆ ಯಾರಿಗೂ ಏನನ್ನೂ ಆದೇಶಿಸಿದವಳಲ್ಲ.

ಇದು ಆಟ. ನವಿ ಮುಂಬೈಯ ಬೇಲಾಪುರದಲ್ಲಿ ಯುದ್ಧನೀತಿಯನ್ನು ಅಧ್ಯಯನ ಮಾಡುವ ಒಂದು ಸಣ್ಣ ಸಂಸ್ಥೆ ವರ್ಷಕ್ಕೆರಡು ಸಲ ಇಂಥದ್ದನ್ನು ನಡೆಸುತ್ತಿತ್ತು. ಎರಡು ಕಾಲ್ಪನಿಕ ದೇಶಗಳು, ಎರಡರ ಕೈಯಲ್ಲೂ ಅಣುಬಾಂಬು. ನೀಲಿ ದೇಶದವರು ಆರನೇ ಮಹಡಿಯ ಕೋಣೆಯಲ್ಲಿ, ಕೆಂಪು ದೇಶದವರು ಮೂರನೇ ಮಹಡಿಯಲ್ಲಿ. ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಸಾಮಾನ್ಯವಾಗಿ ನಿವೃತ್ತ ಅಧಿಕಾರಿಗಳು, ಪ್ರೊಫೆಸರುಗಳು ಆಡುತ್ತಿದ್ದರು. ಮೇ ತಿಂಗಳಲ್ಲಿ ಊರೂರಲ್ಲಿ ಸೈರನ್ ಊದಿ ಯುದ್ಧದ ಮಾಕ್ ಡ್ರಿಲ್ ನಡೆದ ಮೇಲೆ ಸಂಸ್ಥೆಯ ನಿರ್ದೇಶಕ ಯಶ್ವಂತ್ ಅವರಿಗೆ, ಇದನ್ನು ಎಂದೂ ಯೋಚಿಸದ ಜನ ಹೇಗೆ ನಿರ್ಧಾರ ಮಾಡುತ್ತಾರೆ ನೋಡಬೇಕು ಅನ್ನಿಸಿತ್ತು. ಜನರನ್ನು ಹೊಂದಿಸುವ ಕೆಲಸ ನೀಲಗಂಗಾಳ ಮಗಳು ಸ್ನೇಹಲ್‌ಗೆ ಬಿತ್ತು. ಅವಳು ಅಲ್ಲಿ ಎರಡು ವರ್ಷದಿಂದ ಸಂಶೋಧನಾ ಸಹಾಯಕಿ. ಒಪ್ಪಿದವರಲ್ಲಿ ಅರ್ಧ ಜನ ಕಡೇ ಗಳಿಗೆಯಲ್ಲಿ ಕೈಕೊಟ್ಟಾಗ ಅವಳು ತಾಯಿಯ ಬೆನ್ನು ಹತ್ತಿದಳು, ತಾಯಿಯ ಮೂಲಕ ಕಲ್ಯಾಣದ ಕನ್ನಡ ಸಂಘದವರ ಬೆನ್ನು ಹತ್ತಿದಳು.

"ಅದರಾಗ ನನಗೇನು ತಿಳೀತದವಾ?" ಎಂದು ನೀಲಗಂಗಾ ಕೇಳಿದ್ದಳು.

"ಕಳತ ನಾಹೀ ಮ್ಹಣೂನಚ್ ತೂ ಪಾಹಿಜೇಸ್," ಎಂದಿದ್ದಳು ಸ್ನೇಹಲ್. ತಿಳಿಯದವಳು ಅಂತಲೇ ನೀನು ಬೇಕು. ಕನ್ನಡ ಅವಳಿಗೆ ಪೂರಾ ತಿಳಿಯುತ್ತಿತ್ತು, ಉತ್ತರ ಮಾತ್ರ ಬಾಯಿಗೆ ಮರಾಠಿಯಲ್ಲೇ ಬರುತ್ತಿತ್ತು.

ಹಾಗಾಗಿ ಆರನೇ ಮಹಡಿಯ ಕೋಣೆಯಲ್ಲಿ ಸೇರಿದವರೆಲ್ಲ ಕನ್ನಡದವರು. ವಿದೇಶಾಂಗ ಮಂತ್ರಿಯ ಚೀಟಿ ರತ್ನಾವತಿಯವರಿಗೆ ಬಂತು. ಅವರದು ಉಡುಪಿ ಕಡೆಯ ಕುಟುಂಬ, ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಹೋಟೆಲು. ಡೊಂಬಿವಲಿಯ ಇಬ್ಬರು ಬ್ಯಾಂಕ್ ನೌಕರರಿಗೆ ಗೃಹ, ಹಣಕಾಸು. ಕೊನೆಯ ಚೀಟಿ ಶಿವಪುತ್ರಪ್ಪನವರದು. ಅರವತ್ತೇಳರ ವಯಸ್ಸು, ಗದಗ ಕಡೆಯವರು, ಈಗ ಟಿಟ್ವಾಳಾದಲ್ಲಿ ಮಗನ ಮನೆಯಲ್ಲಿ ಇರುವವರು. ಮಿಲಿಟರಿಯಲ್ಲಿದ್ದರು ಎಂಬುದು ಸಂಘದವರಿಗೆಲ್ಲ ಗೊತ್ತಿತ್ತು. ಯಾವ ಪಡೆ ಎಂದು ಕೇಳಿದರೆ "ತೋಪಖಾನಿ ಅಂತ ತಿಳಕೋರಿ" ಎಂದು ಮಾತು ಮುಗಿಸುತ್ತಿದ್ದರು. ಚೀಟಿಯಲ್ಲಿ 'ಸೇನಾ ಮುಖ್ಯಸ್ಥ' ಎಂದಿದ್ದುದನ್ನು ಓದಿ, "ಇದು ನನಗ ಭಾಳ ದೊಡ್ಡದಾತು. ನಾ ಸುಬೇದಾರ ಇದ್ದಾಂವ," ಎಂದರು.

ಯಶ್ವಂತ್ ಮೆಲುದನಿಯಲ್ಲಿ, ಹಿಂದಿಯಲ್ಲಿ ನಿಯಮ ಹೇಳಿದರು. "ಈ ಅಸ್ತ್ರದ ಕೆಲಸ ಸುಮ್ಮನೆ ಮಲಗಿರುವುದು. ಎದ್ದರೆ ಅದು ಸೋತಂತೆ. ಆದರೆ ಎದ್ದೇ ಏಳುತ್ತದೆ ಎಂದು ಎದುರಿನವನು ನಂಬಬೇಕು. ಆ ನಂಬಿಕೆ ಗಟ್ಟಿ ಇರುವವರೆಗೆ ಎರಡೂ ದೇಶದ ಮಕ್ಕಳು ಶಾಲೆಗೆ ಹೋಗುತ್ತಾರೆ. ಅಂಜಿಸಿ ತಡೆಯುವುದು, ಅಷ್ಟೇ. ಈಗ ನೀವು ಒಂದು ಊರನ್ನು ಆರಿಸಬೇಕು. ಯಾವುದು ಹೋದರೆ ಅವರ ಎದೆ ಒಡೆಯುತ್ತದೋ ಅದನ್ನು."

ಸ್ನೇಹಲ್ ಎಲ್ಲರಿಗೂ ಶತ್ರು ದೇಶದ ನಕ್ಷೆ ಹಂಚಿದಳು. ಅಗಲವಾದ ಹಾಳೆಗಳು, ಕಪ್ಪು ಗೆರೆಗಳು, ಒಂದರಿಂದ ಒಂಬತ್ತರವರೆಗೆ ಅಂಕಿಗಳು. ಪ್ರತಿ ಊರಿಗೂ ಒಂದು ಪುಟದ ಮಾಹಿತಿ.

ನೀಲಗಂಗಾ ಹಾಳೆಗಳನ್ನು ತಿರುವಿದಳು. ಏಳನೇ ಊರಿನ ಮೇಲೆ ಅವಳ ಬೆರಳು ತಾನಾಗಿ ನಿಂತಿತು. ಒಂದು ರೈಲು ಹಾದಿ ಊರಿನೊಳಗೆ ಬಂದು, ಸ್ಟೇಷನ್ ದಾಟಿದ ಕೂಡಲೇ ಎರಡಾಗಿ ಕವಲೊಡೆದಿತ್ತು. ಒಂದು ಬದಿಗೆ ಸಮುದ್ರದ ನೀರು ಒಳನುಗ್ಗಿದ ಖಾಡಿ, ಊರ ನಡುವೆ ಒಂದು ಕೆರೆ, ಒತ್ತಾದ ಪೇಟೆ. ಹದಿನೈದು ಲಕ್ಷ ಜನ.

"ಇದು ಜಂಕ್ಷನ್ ಅದ," ಎಂದಳು. "ಇದೊಂದು ನಿಂತರ ಈ ಕಡಿ ಗಾಡಿ ಇಲ್ಲ, ಆ ಕಡಿ ಗಾಡಿ ಇಲ್ಲ. ಇಡೀ ದೇಶ ಪ್ಲಾಟ್‌ಫಾರ್ಮ್ ಮ್ಯಾಲ ನಿಂತಬಿಡ್ತದ. ಉಳಿದ ಎಂಟು ಊರು ಇದರ ಮುಂದ ಏನೂ ಅಲ್ಲ." ತನಗೆ ಗೊತ್ತಿರುವ ಕೆಲಸದ ಬಗ್ಗೆ ಮಾತಾಡುವವರ ಹುರುಪು ಅವಳ ದನಿಯಲ್ಲಿತ್ತು. ಬ್ಯಾಂಕಿನವರು ತಲೆಯಾಡಿಸಿದರು. ಶಿವಪುತ್ರಪ್ಪನವರು ತಮ್ಮ ಹಾಳೆಯನ್ನು ಹಿಂದುಮುಂದು ಮಾಡಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಣ್ಣಿನ ತೊಂದರೆ ಇರಬಹುದು ಎಂದುಕೊಂಡಳು.

ಏಳು ಎಂಬ ಅಂಕಿ ಬರೆದ ಹಾಳೆ ಲಕೋಟೆ ಸೇರಿತು. ಕೆಂಪಿನವರೂ ಹಾಗೇ ಒಂದು ಲಕೋಟೆ ಮುಚ್ಚಿಟ್ಟಿದ್ದಾರೆ ಎಂದರು ಯಶ್ವಂತ್. ಆಮೇಲೆ ಅವಳು ಮೂರನೇ ಮಹಡಿಗೆ ಕೇಳುವಂತೆ ಮೈಕಿನಲ್ಲಿ ಎಚ್ಚರಿಕೆ ಓದಬೇಕಿತ್ತು. ಮೈಕು ಕಂಡದ್ದೇ ಅವಳ ಬೆನ್ನು ನೆಟ್ಟಗಾಯಿತು. ಹಳೆಯ ದನಿ ಬಂತು: ಏರಿಲ್ಲ, ಇಳಿವಿಲ್ಲ, ಸಿಟ್ಟಿಲ್ಲ, ಕರುಣೆಯೂ ಇಲ್ಲ. ಬರುವ ಗಾಡಿ ಬಂದೇ ಬರುತ್ತದೆ ಎನ್ನುವ ದನಿ. ನಮ್ಮ ಗಡಿ ದಾಟಿ ಬಂದರೆ ನಿಮ್ಮ ಏಳನೇ ಊರು ಇರುವುದಿಲ್ಲ ಎಂದು ಅವಳು ಎರಡು ಸಲ ಓದಿದಳು.

ಮೈಕು ಆರಿಸಿದ ಮೇಲೆ ರತ್ನಾವತಿ ತಮ್ಮ ತೋಳುಗಳನ್ನು ಉಜ್ಜಿಕೊಂಡರು. "ಎಂಥ ಮಾರಾಯ್ರೆ ಇದು! ನಂಗೆ ಮೈ ಜುಂ ಅಂತು. ನಿಜಕ್ಕೂ ಇನ್ನು ಆ ಊರು ಇಲ್ಲ ಅಂತಲೇ ಅನ್ನಿಸ್ತು."

ಶನಿವಾರ ಕೆಂಪು ದೇಶ ಹೆದರಿ ಹಿಂದೆ ಸರಿಯಿತು. ಯಶ್ವಂತ್ ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಭಾನುವಾರ ಹಾಗಾಗಲಿಲ್ಲ. ಬೆಳಿಗ್ಗೆ ಯಶ್ವಂತ್ ಕೊಟ್ಟ ಸುದ್ದಿಯ ಕಾರ್ಡುಗಳಲ್ಲಿ ಕೆಂಪು ಸೇನೆ ನದಿ ದಾಟಿ ಮೂರು ಹಳ್ಳಿ ಹಿಡಿದಿತ್ತು. ಹನ್ನೊಂದೂವರೆಗೆ ಬಂದ ಕಾರ್ಡು ಇನ್ನೂ ಕೆಟ್ಟದ್ದು: ಶತ್ರುವಿನ ಕ್ಷಿಪಣಿ ವಾಹನಗಳು ಶೆಡ್ಡು ಬಿಟ್ಟು ಹೊರಬಿದ್ದಿವೆ. ನೀಲಗಂಗಾಳ ಮಂತ್ರಿಮಂಡಲ ಗಡುವು ಕೊಟ್ಟಿತು. ಹನ್ನೆರಡೂವರೆಯೊಳಗೆ ಹಿಂದೆ ಹೋಗುತ್ತೇವೆ ಎಂಬ ಬರಹ ಕೈ ಸೇರಬೇಕು, ಇಲ್ಲದಿದ್ದರೆ ಏಳನೇ ಊರು. ಹನ್ನೆರಡಕ್ಕೆ ಮತ್ತೊಂದು ಕಾರ್ಡು: ಎರಡೂ ದೇಶಗಳ ನಡುವಿನ ಫೋನು ಕಡಿದಿದೆ. ಇನ್ನು ಉಳಿದ ದಾರಿ ಒಂದೇ. ಸಂಸ್ಥೆಯ ಆಫೀಸು ಜವಾನ ಕಿಟ್ಟು, ಐವತ್ತು ದಾಟಿದ ದಪ್ಪ ಮನುಷ್ಯ, ಲಕೋಟೆ ಹಿಡಿದು ಮಹಡಿಯಿಂದ ಮಹಡಿಗೆ ಓಡಾಡುವುದು.

ಹನ್ನೆರಡೂ ಹತ್ತಕ್ಕೆ ದೀಪ ಒಮ್ಮೆ ಆರಿ, ಮತ್ತೆ ಹತ್ತಿತು. ಎ.ಸಿ. ನಿಂತು ಗೊರಗೊರ ಎಂದು ಶುರುವಾಯಿತು. ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎಲ್ಲರ ಕಣ್ಣು ಬಾಗಿಲ ಮೇಲಿತ್ತು.

ಹನ್ನೆರಡೂ ಇಪ್ಪತ್ತು. ಕಿಟ್ಟು ಬರಲಿಲ್ಲ.

"ಊಟಕ್ಕೆ ಹೋದರೋ ಏನೋ ಅವರೆಲ್ಲ," ಎಂದರು ರತ್ನಾವತಿ.

ಯಶ್ವಂತ್ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಕೇಳಿದರೂ ಉತ್ತರಿಸುವಂತಿಲ್ಲ, ಅದು ನಿಯಮ. ಕೆಳಗಿನಿಂದ ಒಂದು ಕೆಮ್ಮು, ಒಂದು ಕುರ್ಚಿ ಎಳೆದ ಸದ್ದು ಕೂಡ ಕೇಳುತ್ತಿರಲಿಲ್ಲ. ಮೂರು ಮಹಡಿ ಕೆಳಗೆ ತಮ್ಮಂಥದೇ ಐವರು ಕೂತಿದ್ದಾರೆ ಎಂಬುದನ್ನು ನೀಲಗಂಗಾಳ ಮನಸ್ಸು ನಂಬಲು ಒಲ್ಲದಾಯಿತು. ಅಲ್ಲಿ ಯಾರೂ ಇಲ್ಲ, ಬರೀ ಒಂದು ಮೌನ ಕೂತಿದೆ, ಅದು ತನ್ನನ್ನೇ ನೋಡುತ್ತಿದೆ ಅನ್ನಿಸಿತು.

"ಅವರು ಸುಮ್ಮನ ಅದಾರಂದ್ರ ತಯಾರಿ ನಡಿಸ್ಯಾರ," ಎಂದ ಬ್ಯಾಂಕಿನವರಲ್ಲೊಬ್ಬ. "ನಾವು ಕಾಯ್ಕೋತ ಕುಂತ್ರ ನಮ್ಮ ಊರು ಹೋಗ್ತಾವ."

"ನಂಗೆ ಬೇಡಪ್ಪ," ಎಂದರು ರತ್ನಾವತಿ. "ಹದಿನೈದು ಲಕ್ಷ ಉಂಟು ಅಲ್ಲಿ. ಮೂರು ಹಳ್ಳಿ ಹೋದರೆ ಹೋಗಲಿ."

ನೀಲಗಂಗಾ ಶಿವಪುತ್ರಪ್ಪನವರ ಕಡೆ ತಿರುಗಿದಳು. "ಅಣ್ಣಾರ, ನೀವೇನಂತೀರಿ?"

ಅವರು ತಡ ಮಾಡಲಿಲ್ಲ. "ಅಕ್ಕಾರ, ನೀವು ಮೈಕಿನ್ಯಾಗ ಎರಡ ಸಲ ಹೇಳೀರಿ. ಹೇಳಿದ್ದು ಆಗಲಿಲ್ಲಂದ್ರ ನಾಳಿಂದ ನಮ್ಮ ಮಾತು ಯಾರೂ ನಂಬಂಗಿಲ್ಲ. ನಂಬಂಗಿಲ್ಲಂದ್ರ ಒಂದ ಊರಲ್ಲ, ಎಲ್ಲಾ ಊರು ಹೋಗ್ತಾವ."

ಹನ್ನೆರಡೂ ಇಪ್ಪತ್ತೊಂಬತ್ತು. ಅವಳು ಬಾಗಿಲನ್ನು ಕೊನೆಯ ಸಲ ನೋಡಿದಳು. ಆಮೇಲೆ "ಹೂಂ" ಎಂದಳು.

ಅವಳು ಆರು ಅಂಕಿ ಓದಬೇಕು, ಸೇನಾ ಮುಖ್ಯಸ್ಥರು ಅವನ್ನು ತಿರುಗಿ ಹೇಳಿ ಲ್ಯಾಪ್‌ಟಾಪಿನಲ್ಲಿ ಒತ್ತಬೇಕು. ಶಿವಪುತ್ರಪ್ಪನವರು ಎದ್ದು ನಿಂತರು. ಬಾಗಿದ ಬೆನ್ನು ಸೆಟೆದು ನಿಂತಿತು, ಹತ್ತು ವರ್ಷ ಹಿಂದಕ್ಕೆ ಹೋದವರಂತೆ ಕಂಡರು. ಅಂಕಿಗಳನ್ನು ಒಂದೂ ತಪ್ಪದೆ ಹೇಳಿದರು. ಬೆರಳು ಒಮ್ಮೆಯೂ ತಡವರಿಸಲಿಲ್ಲ.

ಗೋಡೆಯ ಪರದೆಯ ಮೇಲೆ ಏಳನೇ ಊರು ಹಳದಿಯಿಂದ ಬೂದಿ ಬಣ್ಣಕ್ಕೆ ತಿರುಗಿತು. ಅದರ ಸುತ್ತ ಒಂದು ವೃತ್ತ, ಎರಡನೇ ವೃತ್ತ, ಮೂರನೇ ವೃತ್ತ. ಯಾವ ಸದ್ದೂ ಇರಲಿಲ್ಲ. ಶಿವಪುತ್ರಪ್ಪನವರು ನಿಂತೇ ಇದ್ದರು. ಕೂತುಕೊಳ್ಳಿ ಎಂದು ಸ್ನೇಹಲ್ ಎರಡು ಸಲ ಹೇಳಬೇಕಾಯಿತು.

ನೀಲಗಂಗಾ ಮುಖ ತೊಳೆಯಲು ವಾಶ್‌ರೂಮಿಗೆ ಹೋದಳು. ನಕ್ಷೆಯ ಹಾಳೆ ಇನ್ನೂ ಕೈಯಲ್ಲೇ ಇದೆ ಎಂದು ಬೇಸಿನ್ ಮುಂದೆ ನಿಂತಾಗಲೇ ತಿಳಿದದ್ದು. ಅದನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳಲು ಎತ್ತಿದಳು. ಕನ್ನಡಿಯಲ್ಲಿ ಹಾಳೆ ಕಂಡಿತು.

ಕನ್ನಡಿಯೊಳಗೆ ಖಾಡಿ ಎಡಕ್ಕೆ ಬಂದಿತ್ತು. ರೈಲು ಹಾದಿ ಕೆಳಗೆ ಎಡದಿಂದ ಏರಿ ಬಂದು ಬಲಕ್ಕೆ ಕವಲೊಡೆದಿತ್ತು. ಮೇಲಿನದು ಕಸಾರಾ ಕಡೆಗೆ, ಕೆಳಗಿನದು ಕರ್ಜತ್ ಕಡೆಗೆ. ಶಹಾಡ್, ಅಂಬಿವಲಿ, ಟಿಟ್ವಾಳಾ. ವಿಠ್ಠಲವಾಡಿ, ಉಲ್ಲಾಸನಗರ. ಇಪ್ಪತ್ತೊಂಬತ್ತು ವರ್ಷ ದಿನಕ್ಕೆ ನೂರಾರು ಸಲ ಹೇಳಿದ ಹೆಸರುಗಳು ಒಂದೊಂದೇ ತಮ್ಮ ತಮ್ಮ ಜಾಗದಲ್ಲಿ ಬಂದು ಕೂತವು. ನಡುವಿನ ಕೆರೆ ಕಾಳಾ ತಲಾವ್. ಅವಳೂ ಗಂಡ ಶಿವರಾಜನೂ ದಿನಾ ಸಂಜೆ ಸುತ್ತು ಹಾಕುವ ಕೆರೆ. ಕೆರೆಗೂ ಸ್ಟೇಷನ್ನಿಗೂ ನಡುವಿನ ಆ ಸಣ್ಣ ಚೌಕಗಳಲ್ಲಿ ಒಂದು ಅವರ ಮನೆ.

ನಲ್ಲಿ ಸುರಿಯುತ್ತಲೇ ಇತ್ತು. ಅವಳು ಹಾಳೆಯನ್ನು ಇಳಿಸಿ ಕಣ್ಣಾರೆ ನೋಡಿದಳು: ಯಾವುದೋ ಊರು. ಮತ್ತೆ ಕನ್ನಡಿಗೆ ಹಿಡಿದಳು: ಕಲ್ಯಾಣ.

ಹೊರಗೆ ಬಂದರೆ ಪಡಸಾಲೆಯಲ್ಲಿ ಗದ್ದಲ. ಇಬ್ಬರು ಕೆಲಸಗಾರರು ಲಿಫ್ಟಿನ ಬಾಗಿಲನ್ನು ಕಬ್ಬಿಣದ ಸಲಾಕೆ ಹಾಕಿ ಮೀಟಿ ತೆಗೆದಿದ್ದರು. ಒಳಗಿನಿಂದ ಕಿಟ್ಟು ಬೆವರಿನಲ್ಲಿ ತೊಯ್ದು ಹೊರಬರುತ್ತಿದ್ದ. "ಮ್ಯಾಡಮ್, ಲೈಟ್ ಹೋಯ್ತಲ್ಲ, ಲಿಫ್ಟ್ ಅಲ್ಲೇ ಬಂದ್ ಬಿತ್ತು. ಎಷ್ಟು ಬಡಿದೆ, ಯಾರೂ ಕೇಳಿಲ್ಲ," ಎಂದು ಲಕೋಟೆ ಚಾಚಿದ. ಲಕೋಟೆಯೊಳಗೆ ಕೆಂಪು ದೇಶದ ಉತ್ತರ: ನಿಮ್ಮ ಷರತ್ತು ಒಪ್ಪಿದ್ದೇವೆ, ಸೇನೆ ಹಿಂದೆ ಸರಿಯುತ್ತಿದೆ. ಬರೆದ ಸಮಯ ಹನ್ನೆರಡೂ ಎಂಟು.

ಯಶ್ವಂತ್ ಅವರ ಮುಖ ಅರಳಿತು. "ನಾವೇ ಯೋಜಿಸಿದ್ದರೂ ಇಷ್ಟು ಒಳ್ಳೆಯ ಫಲಿತಾಂಶ ಸಿಗುತ್ತಿರಲಿಲ್ಲ," ಎಂದರು. ಊಟದ ಹೊತ್ತಿಗೆ ಎರಡೂ ತಂಡಗಳನ್ನು ಒಂದೇ ಕೋಣೆಗೆ ಕರೆಸಿ, ಕೆಂಪಿನವರ ಮುಚ್ಚಿದ ಲಕೋಟೆ ಒಡೆದರು. ಅದರಲ್ಲಿ ಇದ್ದದ್ದೂ ಏಳು. ಎರಡು ದೇಶಕ್ಕೆ ಎರಡು ನಕ್ಷೆ ಮಾಡಲು ಸಮಯವಿರಲಿಲ್ಲ, ಒಂದನ್ನೇ ಮಾಡಿ ಇದು ಶತ್ರುವಿನದು ಎಂದು ಇಬ್ಬರಿಗೂ ಕೊಟ್ಟಿದ್ದೆವು ಎಂದು ಯಶ್ವಂತ್ ವಿವರಿಸಿದರು. ಕೆಂಪಿನವರೂ ಜಂಕ್ಷನ್ ನೋಡಿಯೇ ಆರಿಸಿದ್ದರಂತೆ. ಎಲ್ಲರೂ ನಕ್ಕರು. ನೀಲಗಂಗಾ ಮಗಳನ್ನು ನೋಡಿದಳು. ಸ್ನೇಹಲ್ ತಟ್ಟೆಯ ಮೇಲಿಂದ ತಲೆ ಎತ್ತಲಿಲ್ಲ.

ತಾಯಿ ಮಗಳು ಠಾಣೆಯಲ್ಲಿ ಗಾಡಿ ಬದಲಿಸಿ ಕಲ್ಯಾಣದ ಲೋಕಲ್ ಹತ್ತಿದರು. ಭಾನುವಾರವಾದ್ದರಿಂದ ಕಿಟಕಿ ಪಕ್ಕವೇ ಜಾಗ ಸಿಕ್ಕಿತು. ಗಾಡಿ ಮುಂಬ್ರಾ ದಾಟಿತು.

"ನಮ್ಮ ಊರು ಯಾಕ ಹಾಕಿದಿ?" ಎಂದು ನೀಲಗಂಗಾ ಕೇಳಿದಳು.

ಸ್ನೇಹಲ್ ಕಿಟಕಿಯ ಕಡೆ ನೋಡುತ್ತ, ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು. "ಟೈಮ್ ಇರಲಿಲ್ಲ ಅವ್ವಾ. ಮನಿ, ದವಾಖಾನಿ, ಮಂದಿ, ಇದೆಲ್ಲಾ ನಂಬರ್ ಬೇಕಿತ್ತು. ನಮ್ಮ ಊರಿಂದು ನನ್ನ ಕಡೆ ರೆಡಿ ಇತ್ತು. ಉಲ್ಟಾ ಮಾಡಿದೆ. ಯಾರಿಗೆ ತಿಳೀತದ ಅಂತ... ತೋ ಫಕ್ತ ಡೇಟಾ ಆಹೇ." ಕೊನೆಯದು ಮರಾಠಿಯಲ್ಲೇ ಬಂತು: ಅದು ಬರೀ ಡೇಟಾ.

"ನಮ್ಮ ಮನಿ ಯಾವ ವೃತ್ತದಾಗ ಬರ್ತಿತ್ತು?"

ಡೊಂಬಿವಲಿ ಬಂತು, ಹೋಯಿತು. "ಪಹಿಲಾ," ಎಂದಳು ಸ್ನೇಹಲ್. ಮೊದಲನೆಯದು.

ಕಲ್ಯಾಣದ ಪ್ಲಾಟ್‌ಫಾರ್ಮಿಗೆ ಗಾಡಿ ನಿಧಾನವಾಗಿ ಸೇರಿಕೊಂಡಾಗ ಸ್ಪೀಕರುಗಳು ಏಕೋ ಸುಮ್ಮನಿದ್ದವು. ಅಷ್ಟು ದೊಡ್ಡ ಸ್ಟೇಷನ್ನಿನಲ್ಲಿ ಯಾವ ದನಿಯೂ ಇಲ್ಲ. ಸಾವಿರ ಜನ ಸಾಲಾಗಿ ನಿಂತು, ಮುಖ ಮೇಲೆತ್ತಿ, ಬಾಯಿ ಸ್ವಲ್ಪ ತೆರೆದು, ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು. ಸಂಜೆಯ ಬಿಸಿಲಿನ ಧೂಳಿನಲ್ಲಿ ಅವರ ಮುಖ, ಬಟ್ಟೆ, ಕೂದಲು ಎಲ್ಲ ಒಂದೇ ಬಣ್ಣಕ್ಕೆ ಬಂದಿತ್ತು. ನೀಲಗಂಗಾ ಮಗಳ ಮಣಿಕಟ್ಟು ಹಿಡಿದಳು. ಅವರು ನೋಡುತ್ತಿದ್ದದ್ದು ಗಾಡಿಗಳ ಸಮಯ ತೋರಿಸುವ ಇಂಡಿಕೇಟರನ್ನು ಎಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಯಿತು.

ಮನೆಯಲ್ಲಿ ಶಿವರಾಜ ಅಂಗಿ ಹಾಕಿಕೊಂಡು ಬಾಗಿಲಲ್ಲೇ ಕೂತಿದ್ದ. "ಮಧ್ಯಾಹ್ನ ಹನ್ನೆರಡೂವರಿಗೆ ಲೈಟ್ ಹೋತು ನೋಡು," ಎಂದ. "ಫ್ಯಾನ್ ನಿಂತ ಕೂಡ್ಲೆ ಎಚ್ಚರಾತು. ಏನೂ ಸಪ್ಪಳ ಇಲ್ಲ. ರಿಕ್ಷಾದ್ದಿಲ್ಲ, ಮಂದೀದಿಲ್ಲ, ಕಾಗಿ ಸೈತ ಒದರಲಿಲ್ಲ. ಎದ್ದು ಕಿಟಕಿ ತಗದೆ, ರಸ್ತಾ ಖಾಲಿ. ನಾ ಎಲ್ಲಿ ಅದೀನಿ ಅಂತ ತಿಳೀಲಿಲ್ಲ ನನಗ. ಮತ್ತ ಒಂದು ಬಸ್ ಬಂತು, ಎಲ್ಲಾ ಶುರುವಾತು."

ನೀಲಗಂಗಾ ಚಪ್ಪಲಿ ಬಿಡದೆ ನಿಂತಿದ್ದಳು. "ಎಷ್ಟೊತ್ತು?" ಎಂದಳು.

"ಎರಡ ನಿಮಿಷ ಇದ್ದೀತು. ಯಾಕ?"

ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು.

ಮರುದಿನದಿಂದ ಅವಳಿಗೆ ಊರಿನಲ್ಲಿ ಓಡಾಡುವುದು ಕಷ್ಟವಾಯಿತು. ಕಾಯಿಪಲ್ಲೆ ಮಾರುವವಳು ತಕ್ಕಡಿ ಎತ್ತಿದರೆ, ಆ ಕೈಯನ್ನು ನೋಡುತ್ತ ನಿಲ್ಲುತ್ತಿದ್ದಳು. ಶಾಲೆ ಬಿಟ್ಟಾಗ ಬೀದಿ ತುಂಬ ಮಕ್ಕಳು; ಅವರ ಗಲಾಟೆ ದೂರದಿಂದ, ಬಹಳ ವರ್ಷದ ಹಿಂದಿನಿಂದ ಬರುತ್ತಿರುವಂತೆ ಕೇಳುತ್ತಿತ್ತು. ಎಲ್ಲರೂ ಬದುಕಿದ್ದರು, ಆದರೆ ಯಾರೋ ಕೊಲ್ಲದೆ ಬಿಟ್ಟದ್ದರಿಂದ ಬದುಕಿದ್ದವರಂತೆ ಕಾಣುತ್ತಿದ್ದರು. ಮಂಗಳವಾರ ಅವಳು ನಕ್ಷೆ ಹಿಡಿದು ಕೆರೆಯಿಂದ ನಡೆದು ಹೊರಟಳು, ಮೊದಲ ವೃತ್ತ ಎಲ್ಲಿ ಮುಗಿಯುತ್ತದೆ ನೋಡಲು. ಮುಗಿಯಲೇ ಇಲ್ಲ. ಮುಕ್ಕಾಲು ತಾಸು ನಡೆದ ಮೇಲೆ ಕಾಲು ಸೋತು ರಿಕ್ಷಾ ಹಿಡಿದು ವಾಪಸಾದಳು.

ಬುಧವಾರ ರತ್ನಾವತಿ ಫೋನ್ ಮಾಡಿದರು. "ನೀಲಗಂಗಾ ಅವರೇ, ಆ ಸುಬೇದಾರ್ರು ಭಾನುವಾರದಿಂದ ಫೋನೇ ಎತ್ತುವುದಿಲ್ಲ. ನಂಗೆ ಯಾಕೋ ಹೆದರಿಕೆ ಆಗ್ತದೆ. ನಿಮಗೆ ಹತ್ತಿರ ಅಲ್ವಾ, ಒಮ್ಮೆ ನೋಡಿ ಬನ್ನಿ."

ಟಿಟ್ವಾಳಾದ ಆ ಕಟ್ಟಡ ಸ್ಟೇಷನ್ನಿನಿಂದ ಹತ್ತು ನಿಮಿಷ. ಮಧ್ಯಾಹ್ನ ಮೂರರ ಹೊತ್ತು. ಸೊಸೆ ಮಯೂರಿ ಬಾಗಿಲು ತೆಗೆದಳು. "ಬರ್ರಿ ಅಕ್ಕಾರ. ಮಾವನೋರು ಗ್ಯಾಲರಿಯೊಳಗ ಅದಾರ. ಊಟ ಸರಿ ಮಾಡವಲ್ರು. ಏನಾತ್ರಿ ಅಲ್ಲಿ?"

ಶಿವಪುತ್ರಪ್ಪನವರು ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಲ್ಯಾಣದ ದಿಕ್ಕಿಗೆ ಮುಖ ಮಾಡಿ ಕೂತಿದ್ದರು. ಅಲ್ಲಿಂದ ಕಟ್ಟಡಗಳೂ ಮಬ್ಬು ಆಕಾಶವೂ ಅಷ್ಟೇ ಕಾಣುತ್ತಿತ್ತು. ನೀಲಗಂಗಾ ಪಕ್ಕದಲ್ಲಿ ಕೂತಳು.

"ಇಲ್ಲಿಂದ ಕಾಣ್ತಿತ್ರಿ," ಎಂದರು ಅವರು, ಕುಶಲ ಕೇಳದೆ. "ಮೂರನೇ ವೃತ್ತದ ಹೊರಗ ಬರ್ತೈತಿ ನಮ್ಮ ಮನಿ. ನಾವು ಸಾಯ್ತಿರಲಿಲ್ಲ. ನೋಡ್ತಿದ್ವಿ."

ನೀಲಗಂಗಾ ಅವರ ಕಡೆ ತಿರುಗಿದಳು. "ಅಂದ್ರ ನಿಮಗ ಗೊತ್ತಾತು, ಅದು ಕಲ್ಯಾಣ ಅಂತ."

"ಶನಿವಾರನ ಗೊತ್ತಾತು. ನಕ್ಷಾ ಓದೂದು ನನ್ನ ಕೆಲಸಾನ ಇತ್ತಲ್ರಿ. ಗೆರಿ ಯಾಕೋ ಅಡ್ಡ ಬಂದಾವ ಅನಿಸ್ತು. ಹಾಳಿ ತಿರುವಿ ಬೆಳಕಿಗೆ ಹಿಡಿದೆ. ಮೊಮ್ಮಗಳು ಕಲಿಯೂ ಸಾಲಿ ಸೈತ ಎಲ್ಲಿ ಬರ್ತೈತಿ ತಿಳೀತು."

"ಶನಿವಾರ?" ನೀಲಗಂಗಾಳ ದನಿ ಏರಿತು. "ಮತ್ತ ಯಾಕ ಹೇಳಲಿಲ್ಲ ಅಣ್ಣಾರ? ನಾ ಕೇಳಿದ್ನಲ್ಲ ನಿಮಗ!"

"ಹೇಳಿದ್ರ ನೀವು ಹೂಂ ಅಂತಿರಲಿಲ್ಲ. ನೀವು ಹೂಂ ಅನ್ನಂಗಿಲ್ಲ ಅನ್ನೂದು ಕೆಳಗಿನವರಿಗೆ ವಾಸನಿ ಹತ್ತಿದ್ರ, ಅವರು ಮೊದಲ ಹೊಡೀತಿದ್ರು. ಹಂಗ ಕಲಿಸ್ಯಾರ ನಮಗ."

ಕೆಳಗೆ ಯಾರೋ ಗಾದಿ ಒಣಹಾಕಿ ಕೋಲಿನಿಂದ ಬಡಿಯುತ್ತಿದ್ದರು. ಆ ಸದ್ದು ನಿಲ್ಲುವವರೆಗೆ ಅವರು ಕಾದರು.

"ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದೆ ಅಕ್ಕಾರ. ಎಲ್ಲಿ ಅಂತ ಕೇಳಬ್ಯಾಡ್ರಿ. ದಿನಾ ಅಭ್ಯಾಸ. ಅಂಕಿ ಬರ್ತಿದ್ವು, ತಿರುಗಿ ಹೇಳ್ತಿದ್ವಿ, ಕೈ ಗುಂಡಿ ತನಕ ಹೋಗ್ತಿತ್ತು. ಇದು ಅಭ್ಯಾಸ ಅಂತ ಕಡೀಕ ಹೇಳ್ತಿದ್ರು. ಹೇಳೂ ತನಕ ಯಾರಿಗೂ ಗೊತ್ತಿಲ್ಲ. ಒಳಗೊಂದು ನನಗ ಧೈರ್ಯ ಇತ್ತು. ಖರೇ ಬಂದ ದಿನ ನನ್ನ ಕೈ ನಿಲ್ತೈತಿ, ನಾ ಮನಶ್ಯಾ ಅದೀನಿ ಅಂತ. ಆ ನಂಬಿಕಿ ಮ್ಯಾಲ ನಿದ್ದಿ ಮಾಡೇನಿ ಇಷ್ಟ ವರ್ಷ. ನನ್ನ ಹೇಣ್ತಿಗೆ ಒಮ್ಮೆ ಹೇಳಿದ್ದೆ ಇದನ್ನ. ಆಕಿ ಈಗ ಇಲ್ಲ, ಛಲೋ ಆತು." ಅವರು ತಮ್ಮ ಬಲಗೈಯನ್ನು ಮಡಿಲಲ್ಲಿ ಮಗುಚಿ ನೋಡಿಕೊಂಡರು. "ನೀವು ಹೂಂ ಅಂದಾಗ ನನ್ನ ತಲಿಯೊಳಗ ಆಟ ಅಂತ ಇರಲಿಲ್ರಿ. ಖರೇನ ಇತ್ತು. ಕಲ್ಯಾಣ ಅಂತ ಗೊತ್ತಿತ್ತು. ಸಾಲಿ ಗೊತ್ತಿತ್ತು. ಕೈ ನಿಲ್ಲಲಿಲ್ಲ."

ನೀಲಗಂಗಾಗೆ ಅವರನ್ನು ಬೈಯಬೇಕು ಅನ್ನಿಸಿತ್ತು. ಬಾಯಿಗೆ ಬಂದದ್ದು ಬೇರೆ. "ಹೂಂ ಅಂದಾಕಿ ನಾ ಅದೀನಿ."

"ನಿಮಗ ಗೊತ್ತಿರಲಿಲ್ಲ."

"ಹದಿನೈದು ಲಕ್ಷ ಅಂತ ಬರದಿತ್ತಲ್ಲ ಅಣ್ಣಾರ. ಅಷ್ಟು ಗೊತ್ತಿತ್ತು."

ಮಯೂರಿ ಚಹಾ ತಂದಿಟ್ಟಳು. ಶಿವಪುತ್ರಪ್ಪನವರು ಕಪ್ಪು ಎತ್ತಿದರು. ಚಹಾ ಕೆಳಗಿನ ಬಸಿಗೆ ಚೆಲ್ಲಿತು. ನೀಲಗಂಗಾ ಅವರ ಕೈಯಿಂದ ಕಪ್ಪು ತೆಗೆದುಕೊಂಡು, ಸ್ವಲ್ಪ ಸ್ವಲ್ಪವೇ ಬಸಿಗೆ ಸುರಿದು ಕೊಟ್ಟಳು. ಅವರು ಸಣ್ಣ ಹುಡುಗನಂತೆ ಕುಡಿದರು. ಎದ್ದು ಹೊರಡುವಾಗ, "ಫೋನ್ ಎತ್ತರಿ. ರತ್ನಾವತಿಯವರು ಅಂಜ್ಯಾರ," ಎಂದಷ್ಟೇ ಹೇಳಿದಳು. ಅವರು ತಲೆಯಾಡಿಸಿದರು. ಅಂದಿನಿಂದ ವಾರಕ್ಕೊಮ್ಮೆ ಅವಳು ಟಿಟ್ವಾಳಾಕ್ಕೆ ಹೋಗಿ ಬರತೊಡಗಿದಳು. ಬಹಳ ಮಾತೇನೂ ಇರುತ್ತಿರಲಿಲ್ಲ. ಯಾರಿಗೂ ಹೇಳಲಾಗದ ಒಂದನ್ನು ಬಲ್ಲವರು ಇಡೀ ಜಿಲ್ಲೆಯಲ್ಲಿ ಅವರಿಬ್ಬರೇ ಎಂಬಂತೆ ಇರುತ್ತಿತ್ತು.

ಸ್ನೇಹಲ್ ಕೆಲಸ ಬಿಡಲಿಲ್ಲ. ಆದರೆ ಅಕ್ಟೋಬರದ ಆಟಕ್ಕೆ ಹೊಸ ನಕ್ಷೆ ಮಾಡಲು ಕೂತಾಗ ತಾಯಿಯನ್ನು ಪಕ್ಕಕ್ಕೆ ಕರೆದಳು. ಒಂಬತ್ತೂ ಊರುಗಳನ್ನು ಅವರಿಬ್ಬರೂ ಕಟ್ಟಿದರು. ನೀಲಗಂಗಾ ಕೇಳುತ್ತ ಹೋದಳು: ಇಲ್ಲಿಯವರು ನೀರು ಎಲ್ಲಿಂದ ತರ್ತಾರ? ಮಳಿಗಾಲದಾಗ ಯಾವ ಓಣಿ ಮುಳಗ್ತದ? ಸ್ಟೇಷನ್ ಹೊರಗ ಏನು ಮಾರ್ತಾರ? ಪ್ರತಿ ಊರಿಗೂ ಹೆಸರು ಬಂತು, ಮಾಹಿತಿ ಒಂದು ಪುಟದಿಂದ ಆರು ಪುಟವಾಯಿತು. ಯಶ್ವಂತ್ ಹುಬ್ಬು ಗಂಟಿಕ್ಕಿದರೂ ಒಮ್ಮೆ ಪ್ರಯೋಗ ಮಾಡೋಣ ಎಂದರು.

ಆಟ ಮುಗಿದ ವಾರ ವರದಿ ಬಂತು. ಸ್ನೇಹಲ್ ಅದನ್ನು ಅಡುಗೆಮನೆಗೆ ತಂದು ಓದಿದಳು. ಎರಡು ಕೋಣೆಯವರೂ ಬಾಂಬು ಹಾಕಲಿಲ್ಲ. ಹಾಕುತ್ತೇವೆ ಎಂದು ಗಟ್ಟಿಯಾಗಿ ಹೇಳಲೂ ಅವರಿಂದ ಆಗಲಿಲ್ಲ. ಹಾಗಾಗಿ ಯಾರೂ ಯಾರಿಗೂ ಅಂಜಲಿಲ್ಲ. ಒಂದು ಸೇನೆ ಗಡಿ ದಾಟಿತು, ಇನ್ನೊಂದು ಎದುರು ನಿಂತಿತು, ಬಂದೂಕಿನ ಯುದ್ಧ ಹನ್ನೊಂದು ದಿನ ನಡೆಯಿತು. ಒಂಬತ್ತೂ ಊರು ಉಳಿದವು. ಸತ್ತವರು ನಲವತ್ತು ಸಾವಿರ. ಮುಂದಿನ ಸಲ ಊರಿನ ಹೆಸರುಗಳನ್ನು ತೆಗೆದುಹಾಕಬೇಕು ಎಂದು ಯಶ್ವಂತ್ ಕೊನೆಯಲ್ಲಿ ಬರೆದಿದ್ದರು.

ನೀಲಗಂಗಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಊರುಗಳು ಉಳಿದವಲ್ಲ ಎಂದು ಮೊದಲು ಎದೆ ಹಗುರಾಯಿತು. ಆಮೇಲೆ ಆ ಇನ್ನೊಂದು ಅಂಕಿ ಮೆಲ್ಲಗೆ ಬಂದು ಎದುರು ನಿಂತಿತು.

"ಆ ನಲವತ್ತು ಸಾವಿರ ಮಂದಿ ಎಲ್ಲಿಯವರು?" ಎಂದಳು.

ಸ್ನೇಹಲ್ ಹಾಳೆ ತಿರುವಿದಳು, ಮತ್ತೆ ತಿರುವಿದಳು. "ಅವರು ಹಳ್ಳಿಯವರು, ಸೋಲ್ಜರ್ಸ್... ಅವರಿಗೆ ನಾವು ಊರು ಕೊಟ್ಟಿಲ್ಲ ಅವ್ವಾ."

ತವೆಯ ಮೇಲಿನ ರೊಟ್ಟಿ ಹೊತ್ತಿ ಹೊಗೆಯಾಡಿತು. ನೀಲಗಂಗಾ ಗ್ಯಾಸ್ ಆರಿಸಿ, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಸ್ಟೂಲು ಎಳೆದು ಕೂತಳು. ಹೊರಗೆ ಪೇಟೆಯ ಗದ್ದಲ ಎಂದಿನಂತೆ ಏರುತ್ತಿತ್ತು. ಸ್ನೇಹಲ್ ಲ್ಯಾಪ್‌ಟಾಪು ತಂದು ಮುಂದಿಟ್ಟಳು. ಆ ನಲವತ್ತು ಸಾವಿರ ಮಂದಿಗೂ ಊರು ಕೊಡುವುದನ್ನು ಎಲ್ಲಿಂದ ಶುರು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.